ಚೋಮನ ಅಹವಾಲು ಯಾರ ಬಾಗಿಲಿಗೆ?



ಬೇಡುವುದು ಬೇರೆ, ಕೇಳುವುದು ಬೇರೆ. ಬೇಡುವವನು ಕೊಡುವವನ ದಯೆಯನ್ನು ನೆಚ್ಚಿ ನಿಲ್ಲುತ್ತಾನೆ. ಕೇಳುವವನು ತನಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ನೆನಪಿಸುತ್ತಾನೆ. ದುಡಿಯುವ ಜನರ ಇತಿಹಾಸವೆಂದರೆ ಬಹುಮಟ್ಟಿಗೆ ಬೇಡುವ ಸ್ಥಿತಿಯಿಂದ ಕೇಳುವ ಸ್ಥಿತಿಗೆ ಅವರು ಏರಿಬಂದ ಇತಿಹಾಸವೇ ಆಗಿದೆ. ಆ ಏಣಿಯ ಮೊದಲ ಮೆಟ್ಟಿಲಲ್ಲೇ ಕುಸಿದುಬಿದ್ದ ಒಬ್ಬನ ಕಥೆಯನ್ನು ಡಾ. ಶಿವರಾಮ ಕಾರಂತರು 'ಚೋಮನ ದುಡಿ' ಕಾದಂಬರಿಯಲ್ಲಿ ನಮಗೆ ಹೇಳಿದ್ದಾರೆ.

1933ರಲ್ಲಿ ಪ್ರಕಟವಾದ ಈ ಕಿರು ಕಾದಂಬರಿಯನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಓದದವರೂ 1975ರಲ್ಲಿ ಬಿ.ವಿ. ಕಾರಂತರು ನಿರ್ದೇಶಿಸಿದ ಚಲನಚಿತ್ರವನ್ನು ನೋಡಿರಬಹುದು. ಆ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಪ್ರಶಸ್ತಿ ದೊರೆಯಿತು. ಚೋಮನ ಪಾತ್ರ ವಹಿಸಿದ ಎಂ.ವಿ. ವಾಸುದೇವರಾಯರು ಅತ್ಯುತ್ತಮ ನಟರೆಂದು ಗೌರವಿಸಲ್ಪಟ್ಟರು. ಅಸ್ಪೃಶ್ಯತೆಯ ಕ್ರೌರ್ಯವನ್ನು ಬಯಲಿಗೆಳೆದ ಕೃತಿಯೆಂದು, ಮಣ್ಣಿನ ಹಂಬಲದ ದುರಂತವೆಂದು ವಿಮರ್ಶಕರು ಇದನ್ನು ಕೊಂಡಾಡಿದ್ದಾರೆ. ಎರಡೂ ಮಾತು ಸರಿಯೇ. ಆದರೆ ಇದು ಒಂದು ಅಹವಾಲಿನ ಕಥೆಯೂ ಹೌದು. ಸಲ್ಲಿಸಲು ತಕ್ಕ ಬಾಗಿಲನ್ನೇ ಕಾಣದೆ ಹೋದ ಅಹವಾಲಿನ ಕಥೆ. ಆ ದೃಷ್ಟಿಯಿಂದ ಓದಿದಾಗ ಅದು ನಮ್ಮ ಕ್ರೈಸ್ತ ಕುಟುಂಬಗಳಿಗೆ ಎಸೆಯುವ ಪ್ರಶ್ನೆಗಳು ತೀರಾ ಹತ್ತಿರದವು.

ಮೂರು ಬಾಗಿಲುಗಳು

ಕಥೆ ಸರಳವಾಗಿದೆ. ಚೋಮ ಅಸ್ಪೃಶ್ಯ ಜಾತಿಗೆ ಸೇರಿದ ಜೀತದಾಳು. ನಾಲ್ವರು ಗಂಡುಮಕ್ಕಳು, ಬೆಳ್ಳಿ ಎಂಬ ಒಬ್ಬಳು ಮಗಳು. ಕಾಡಿನಲ್ಲಿ ಅಲೆಯುತ್ತಿದ್ದಾಗ ಸಿಕ್ಕಿದ ಒಂದು ಜೊತೆ ಎತ್ತುಗಳನ್ನು ಅವನು ಸಾಕಿಕೊಂಡಿದ್ದಾನೆ. ಎತ್ತುಗಳಿವೆ, ರಟ್ಟೆಯಲ್ಲಿ ಬಲವಿದೆ, ಬೇಸಾಯದ ಅರಿವೂ ಇದೆ. ಇಲ್ಲದಿರುವುದು ಉಳುವುದಕ್ಕೆ ಒಂದು ತುಂಡು ಭೂಮಿ. ಅವನ ಆಸೆ ಅಷ್ಟೇ. ಮನಸ್ಸಿನ ಸಂಕಟ ಮಿತಿಮೀರಿದಾಗ ಅವನು ದುಡಿಯನ್ನು ಬಾರಿಸುತ್ತಾನೆ.

ಚೋಮನು ಮೊದಲು ನಿಲ್ಲುವುದು ಧಣಿ ಸಂಕಪ್ಪಯ್ಯನ ಅಂಗಳದಲ್ಲಿ. ಕಾರಂತರ ಹಿರಿಮೆ ಇಲ್ಲಿಯೇ ಕಾಣುತ್ತದೆ. ಅವರು ಸಂಕಪ್ಪಯ್ಯನನ್ನು ರಾಕ್ಷಸನನ್ನಾಗಿ ಮಾಡಲಿಲ್ಲ. ಆತನ ಮನಸ್ಸು ಕರಗುತ್ತದೆ. ಆದರೆ ತಾಯಿಯ ಮಾತು ಅಡ್ಡಬರುತ್ತದೆ, ಹಿಂದಿನಿಂದ ನಡೆದುಬಂದ ಕಟ್ಟಳೆ ಅಡ್ಡಬರುತ್ತದೆ. ಒಳ್ಳೆಯವರು ಸುಮ್ಮನಿದ್ದುಬಿಟ್ಟರೆ ಸಾಕು, ಅನ್ಯಾಯವು ತನ್ನಷ್ಟಕ್ಕೆ ತಾನೇ ನಡೆದುಹೋಗುತ್ತದೆ ಎಂಬುದನ್ನು ಇಷ್ಟು ಮೆಲುದನಿಯಲ್ಲಿ ಹೇಳಿದ ಕೃತಿಗಳು ನಮ್ಮಲ್ಲಿ ವಿರಳ. ಚೋಮನ ಮಾತನ್ನು ಧಣಿ ಕೇಳಿಸಿಕೊಂಡನು, ನಿಜ. ಆದರೆ ಉತ್ತರ ಕೊಡುವ ಬಾಧ್ಯತೆ ಅವನಿಗಿರಲಿಲ್ಲ. ಹಾಗಾಗಿ ಚೋಮನು ಕೇಳಿದ್ದು ಬೇಡಿದ್ದಾಗಿಯೇ ಉಳಿಯಿತು.

ಎರಡನೆಯ ಬಾಗಿಲು ಘಟ್ಟದ ಕಾಫಿ ತೋಟದ್ದು. ಹಿಂದೆ ಮಾಡಿದ ಸಾಲವನ್ನು ತೀರಿಸಲು ದೊಡ್ಡ ಮಕ್ಕಳಿಬ್ಬರು ಅಲ್ಲಿಗೆ ಹೋಗುತ್ತಾರೆ. ಒಬ್ಬನು ಕಾಯಿಲೆಗೆ ಬಲಿಯಾಗುತ್ತಾನೆ. ಇನ್ನೊಬ್ಬನು ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ಆ ಮತವನ್ನೇ ಸೇರುತ್ತಾನೆ. ಸಾಲ ಮಾತ್ರ ತೀರುವುದಿಲ್ಲ. ಕೊನೆಗೆ ಬೆಳ್ಳಿಯೇ ತೋಟಕ್ಕೆ ಹೋಗಬೇಕಾಗುತ್ತದೆ. ತೋಟದ ರೈಟರ್ ಮನ್ವೇಲನ ಮೋಹದ ಮಾತುಗಳಿಗೂ, ಮುಂದೆ ತೋಟದ ಒಡೆಯನ ದೌರ್ಜನ್ಯಕ್ಕೂ ಆಕೆ ತುತ್ತಾಗುತ್ತಾಳೆ. ಆಮೇಲೆ ಸಾಲವನ್ನು ಮನ್ನಾ ಮಾಡಲಾಗುತ್ತದೆ. ಓದುಗರೇ, ಈ ಸಂದರ್ಭವನ್ನು ನಿಧಾನವಾಗಿ ಗಮನಿಸಿರಿ. ಚೋಮನ ಕುಟುಂಬದ ಬೇಡಿಕೆಗಳಲ್ಲಿ ಈಡೇರಿದ್ದು ಇದೊಂದೇ. ಅದಕ್ಕೆ ತೆತ್ತ ಬೆಲೆ ಯಾವ ಲೆಕ್ಕದ ಪುಸ್ತಕಕ್ಕೂ ಏರಲಿಲ್ಲ. ಸಾಲವು ತಂದೆಯ ಹೆಸರಿನಲ್ಲಿತ್ತು, ತೀರಿಸಿದವರು ಮಕ್ಕಳು. ದುಡಿಮೆಗಾರನಿಗಾದ ಅನ್ಯಾಯವು ಅವನೊಬ್ಬನಿಗೇ ನಿಲ್ಲುವುದಿಲ್ಲ, ಇಡೀ ಕುಟುಂಬವನ್ನು ಒಬ್ಬೊಬ್ಬರಾಗಿ ನುಂಗುತ್ತದೆ ಎಂಬುದನ್ನು ಈ ಭಾಗ ತೋರಿಸಿಕೊಡುತ್ತದೆ.

ಈ ಮನ್ವೇಲನು ಯಾರು? ಹೆಸರೇ ಹೇಳುವಂತೆ ಅವನು ನಮ್ಮವನು, ಕ್ರೈಸ್ತನು. ಒಡೆಯನಿಗೂ ಆಳಿಗೂ ನಡುವೆ ನಿಂತು ಹಾಜರಿ ಬರೆಯುವವನು, ಲೆಕ್ಕ ಇಡುವವನು. ಅಕ್ಷರ ಬಲ್ಲವನು ಅವನು. ಬೆಳ್ಳಿಯ ಪರವಾಗಿ ನಾಲ್ಕು ಮಾತು ಆಡಬಹುದಾಗಿದ್ದವನೂ ಅವನೇ. ಕಲಿತ ಅಕ್ಷರವನ್ನು ಅವನು ಬಳಸಿದ್ದು ಬೇರೆ ಕಾರ್ಯಕ್ಕೆ. ಈ ಪಾತ್ರವು ಸಮುದಾಯಕ್ಕೆ ಬಳಿದ ಮಸಿಯೆಂದು ನೊಂದುಕೊಳ್ಳುವವರುಂಟು. ನಾನು ಹಾಗೆ ತಿಳಿಯುವುದಿಲ್ಲ. ಕಾರಂತರು ಇಲ್ಲಿ ದೂಷಿಸುತ್ತಿರುವುದು ಒಂದು ಮತವನ್ನಲ್ಲ, ಒಂದು ಹುದ್ದೆಯ ಪ್ರಲೋಭನೆಯನ್ನು. ಮೇಸ್ತ್ರಿ, ಸೂಪರ್‌ವೈಸರ್, ಗುತ್ತಿಗೆದಾರ, ಮ್ಯಾನೇಜರ್ ಆಗಿ ದುಡಿಯುವ ನಮ್ಮವರು ಇಂದೂ ಇದ್ದಾರೆ. ಅವರೆಲ್ಲರೂ ಒಮ್ಮೆ ನೋಡಿಕೊಳ್ಳಬೇಕಾದ ಕನ್ನಡಿ ಮನ್ವೇಲನು.

ಮೂರನೆಯ ಬಾಗಿಲು ಪಾದ್ರಿಯದು. ಅಲ್ಲಿ ಭೂಮಿ ದೊರೆಯುತ್ತದೆ, ಆದರೆ ಮತಾಂತರದ ಷರತ್ತಿನೊಂದಿಗೆ. ಚೋಮನು ಆ ದಾರಿ ಹಿಡಿದು ಹೊರಟೇಬಿಡುತ್ತಾನೆ; ನಡುದಾರಿಯಲ್ಲಿ ತನ್ನ ದೈವ ಪಂಜುರ್ಲಿ ಕಣ್ಣ ಮುಂದೆ ಬಂದಂತಾಗಿ ಹಿಂದಿರುಗುತ್ತಾನೆ. ಒಬ್ಬ ಗುರುವಾಗಿ ಈ ಪ್ರಸಂಗವನ್ನು ಓದುವಾಗ ನನಗೆ ಅನಿಸುವುದನ್ನು ಮುಚ್ಚಿಡದೆ ಹೇಳುತ್ತೇನೆ: ಹಿಂದಿರುಗಿದ ಚೋಮನಲ್ಲಿ ಮಾನವ ಘನತೆ ಎದ್ದು ಕಾಣುತ್ತದೆ. ಹಸಿದವನ ಅಹವಾಲಿಗೆ ಷರತ್ತು ಹಾಕಿ ಕೊಟ್ಟ ಉತ್ತರವು ಉತ್ತರವಲ್ಲ, ಇನ್ನೊಂದು ವ್ಯಾಪಾರ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು ವಿಶ್ವಾಸವನ್ನು ಸಾರುವಲ್ಲಿ ಬಲಾತ್ಕಾರವನ್ನೂ, ಮುಖ್ಯವಾಗಿ ಬಡವರನ್ನೂ ವಿದ್ಯೆಯಿಲ್ಲದವರನ್ನೂ ಒಲಿಸಿಕೊಳ್ಳುವ ಅಯೋಗ್ಯ ಮಾರ್ಗಗಳನ್ನೂ ಸ್ಪಷ್ಟವಾಗಿ ನಿರಾಕರಿಸಿತು. ಆ ಎಚ್ಚರಿಕೆಯನ್ನು ಕನ್ನಡದ ಕಾದಂಬರಿಕಾರರೊಬ್ಬರು ಮೂವತ್ತೆರಡು ವರ್ಷ ಮೊದಲೇ ಕಥೆಯಾಗಿ ಬರೆದಿದ್ದರು.

ಒಂಟಿ ದನಿ

ಎಲ್ಲ ಬಾಗಿಲುಗಳೂ ಮುಚ್ಚಿದ ಬಳಿಕ ಉಳಿಯುವುದು ದುಡಿ. ಕಿರಿಯ ಮಗನು ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದ ಜಾತಿಯವನೆಂದು ಯಾರೂ ಕೈಚಾಚಲಿಲ್ಲ. ಮಗಳನ್ನು ಚೋಮನೇ ಸಿಟ್ಟಿನಿಂದ ಹೊರದೂಡಿದ. ಎತ್ತುಗಳನ್ನು ಕಾಡಿಗಟ್ಟಿದ. ಕೊನೆಗೆ ಗುಡಿಸಿಲ ಬಾಗಿಲು ಹಾಕಿಕೊಂಡು, ಪ್ರಾಣ ಹೋಗುವವರೆಗೂ ದುಡಿ ಬಾರಿಸಿದ. ಈ ಅಂತ್ಯವನ್ನು ಪ್ರತಿಭಟನೆಯ ಮಹಾ ಸಂಕೇತವೆಂದು ಹೊಗಳುವುದು ವಾಡಿಕೆ. ಕಲೆಯ ದೃಷ್ಟಿಯಿಂದ ಅದು ಮರೆಯಲಾಗದ ಚಿತ್ರವೇ. ಆದರೂ ನನಗೆ ಅದರಲ್ಲಿ ಒಂದು ಕೊರತೆ ಕಾಣುತ್ತದೆ. ದುಡಿಯ ಸದ್ದಿನಲ್ಲಿ ನೋವಿದೆ, ರೋಷವಿದೆ. ಆದರೆ ಅದು ಯಾರನ್ನು ಕುರಿತದ್ದು, ಏನನ್ನು ಕೇಳುತ್ತದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಅದು ವಿಳಾಸವಿಲ್ಲದ ಅರ್ಜಿ. ಅದನ್ನು ಮೆಚ್ಚುವುದು ನಮಗೆ ಸುಲಭ, ಏಕೆಂದರೆ ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ.

ಚೋಮನ ಪಕ್ಕದಲ್ಲಿ ಇನ್ನೊಬ್ಬ ಚೋಮನು ನಿಂತು ಒಟ್ಟಿಗೆ ಕೇಳುವ ದೃಶ್ಯ ಈ ಕೃತಿಯಲ್ಲಿಲ್ಲ. ಇದು ಕಾಲದ ಮಿತಿಯೋ ಲೇಖಕರ ಮಿತಿಯೋ? ಎರಡೂ ಇರಬಹುದು. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಕಟ್ಟಿದ್ದು 1897ರಲ್ಲಿ. ಡಾ. ಅಂಬೇಡ್ಕರರ ನೇತೃತ್ವದಲ್ಲಿ ಸಾವಿರಾರು ಜನರು ಮಹಾಡದ ಕೆರೆಯ ನೀರನ್ನು ಮುಟ್ಟಿದ್ದು 1927ರಲ್ಲಿ. ಕೂಡಿ ಕೇಳುವ ದನಿ ಆಗಲೇ ನಾಡಿನಲ್ಲಿ ಎದ್ದಿತ್ತು; ಕಾದಂಬರಿಯ ಹಳ್ಳಿಯೊಳಗೆ ಅದು ಕೇಳಿಸುವುದಿಲ್ಲ. ಎಲ್ಲರಿಗಿಂತ ಹೆಚ್ಚು ಮೌನಿಯಾದವಳು ಬೆಳ್ಳಿ. ತಂದೆಗಾದರೂ ದುಡಿ ಇತ್ತು, ಅವಳಿಗೆ ಅದೂ ಇರಲಿಲ್ಲ.

ಇದರ ಎದುರಿಗೆ ಪವಿತ್ರ ಬೈಬಲ್ಲಿನ ಒಂದು ಪ್ರಸಂಗವನ್ನು ಇಟ್ಟು ನೋಡಿರಿ. ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನೆಂಬುವನ ಐವರು ಹೆಣ್ಣುಮಕ್ಕಳು ಬರುತ್ತಾರೆ. ತಂದೆಗೆ ಗಂಡುಮಕ್ಕಳಿಲ್ಲದ ಕಾರಣ ಅವರಿಗೆ ಭೂಮಿಯಲ್ಲಿ ಪಾಲಿಲ್ಲ. ಅವರು ಒಬ್ಬೊಬ್ಬರಾಗಿ ಹೋಗಿ ಕಣ್ಣೀರು ಸುರಿಸಲಿಲ್ಲ. ಐವರೂ ಕೂಡಿಕೊಂಡು ದೇವದರ್ಶನದ ಗುಡಾರದ ಬಾಗಿಲಲ್ಲಿ, ಮೋಶೆ, ಯಾಜಕ ಮತ್ತು ಮುಖಂಡರ ಮುಂದೆ, ಸಮಸ್ತ ಸಭೆಯ ಎದುರಿನಲ್ಲಿ ನಿಂತು ತಮ್ಮ ಪಾಲನ್ನು ಕೇಳಿದರು. ಮೋಶೆ ಅವರನ್ನು ಗದರಿಸಲಿಲ್ಲ. ಅವರ ಅಹವಾಲನ್ನು ದೇವರ ಮುಂದಿಟ್ಟನು. ಅವರು ಕೇಳಿದ್ದು ನ್ಯಾಯವೆಂದು ದೇವರೇ ತೀರ್ಪಿತ್ತರು. ಆ ತೀರ್ಪು ಇಸ್ರಯೇಲರಿಗೆಲ್ಲ ಶಾಶ್ವತ ವಿಧಿಯಾಯಿತು. ಚೋಮನಿಗೆ ದೊರೆಯದೆ ಹೋದದ್ದು ಇಷ್ಟೇ: ಜೊತೆಗಾರರು, ಬಹಿರಂಗ ಸಭೆ, ಉತ್ತರಿಸಲೇಬೇಕಾದ ಅಧಿಕಾರಿ, ಮುಂದಿನವರಿಗೂ ಅನ್ವಯಿಸುವ ನಿಯಮ.

ಪೋಪ್ 13ನೆಯ ಲಿಯೋ ಅವರು 1891ರಲ್ಲಿ 'ರೇರುಮ್ ನೊವಾರುಮ್' ವಿಶ್ವಪರಿಪತ್ರದಲ್ಲಿ ಪ್ರತಿಪಾದಿಸಿದ ಮುಖ್ಯ ವಿಚಾರಗಳೂ ಇವಕ್ಕೆ ಸಮೀಪವಾದವೇ. ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದು ಅವರ ಸಹಜ ಹಕ್ಕು. ಕೂಲಿಯು ಕೇವಲ ಒಪ್ಪಂದದ ಮಾತಲ್ಲ, ಅದು ಮನುಷ್ಯನ ಬದುಕಿಗೆ ಸಾಲುವಂತಿರಬೇಕು. ಪೋಪ್ ಎರಡನೆಯ ಜಾನ್ ಪೌಲರು 1981ರ ತಮ್ಮ ವಿಶ್ವಪರಿಪತ್ರದಲ್ಲಿ ಕುಟುಂಬದ ನಿರ್ವಹಣೆಗೆ ತಕ್ಕ ವೇತನದ ವಿಚಾರವನ್ನು ಒತ್ತಿಹೇಳಿದರು. 2025ರಲ್ಲಿ ಆಯ್ಕೆಯಾದ ಪೋಪ್ 14ನೆಯ ಲಿಯೋ ಅವರು ತಾವು ಆ ಹೆಸರನ್ನು ಆರಿಸಿಕೊಳ್ಳಲು ಮುಖ್ಯ ಕಾರಣ 1891ರ ಆ ವಿಶ್ವಪರಿಪತ್ರವೇ ಎಂದು ತಿಳಿಸಿದ್ದಾರೆ. ಬೋಧನೆಗೆ ಕೊರತೆಯಿಲ್ಲ, ಅದು ತೋಟದವರೆಗೆ, ಅಡುಗೆಮನೆಯವರೆಗೆ ತಲುಪಿದೆಯೇ ಎಂಬುದೇ ಪ್ರಶ್ನೆ.

ಅರ್ಜಿಯಿಂದ ಬಂದ ಅಂಗಳ

ಚೋಮನ ನಂತರ ಕಾಲ ಬದಲಾಯಿತು. ದೇವರಾಜ ಅರಸರ ಆಡಳಿತದಲ್ಲಿ 1974ರಲ್ಲಿ ಭೂಸುಧಾರಣಾ ಕಾಯಿದೆಗೆ ಪ್ರಬಲವಾದ ತಿದ್ದುಪಡಿ ಬಂದಿತು. ಗೇಣಿಗೆ ಉಳುತ್ತಿದ್ದವರು ನಮೂನೆ ಏಳರಲ್ಲಿ ಅರ್ಜಿ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಕರಾವಳಿಯಲ್ಲಿ ಇದನ್ನು 'ಡಿಕ್ಲರೇಶನ್ ಕೊಡುವುದು' ಎಂದೇ ಕರೆಯುತ್ತಾರೆ. ನಮ್ಮ ಅನೇಕ ಕ್ರೈಸ್ತ ಕುಟುಂಬಗಳೂ ಆಗ ಗೇಣಿಯ ಒಕ್ಕಲುಗಳೇ ಆಗಿದ್ದವು. ಧಣಿಗಳ ಮುನಿಸಿಗೆ ಅಂಜುತ್ತಲೇ ನಮ್ಮ ಹಿರಿಯರು ಆ ಕಾಗದಕ್ಕೆ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಇಂದು ನಾವು ಅಡಿಕೆ ಒಣಗಿಸುವ ಎಷ್ಟೋ ಅಂಗಳಗಳು ಹಾಗೆ ಒಂದು ಅರ್ಜಿಯಿಂದ ನಮ್ಮದಾದವು. ಇದನ್ನು ನಾವು ಮರೆಯಬಾರದು.

ಆದರೆ ಗಮನಿಸಿರಿ: ಆ ಅರ್ಜಿಯನ್ನು ಚೋಮನು ಸಲ್ಲಿಸುವಂತಿರಲಿಲ್ಲ. ಅವನು ಗೇಣಿದಾರನಲ್ಲ, ಬರಿಯ ಆಳು. ಕೃಷಿ ಕೂಲಿಗಾರರಿಗೆ ಆ ಕಾಯಿದೆ ಕೊಟ್ಟದ್ದು ಮುಖ್ಯವಾಗಿ ವಾಸದ ಗುಡಿಸಿಲ ಅಡಿಯ ಜಾಗವನ್ನು. ಒಕ್ಕಲು ಒಡೆಯನಾದ, ಆಳು ಆಳಾಗಿಯೇ ಉಳಿದ. ಜೀತಪದ್ಧತಿಯನ್ನು ರದ್ದುಗೊಳಿಸಿದ 1976ರ ಕಾಯಿದೆಯು ಅವನ ಸಾಲದ ಸಂಕೋಲೆಯನ್ನು ಕಡಿಯಿತು. ಅದನ್ನು ಜಾರಿಗೊಳಿಸುವ ಹೊಣೆಯನ್ನು ಜಿಲ್ಲಾಧಿಕಾರಿಗೆ ವಹಿಸಲು ಅವಕಾಶ ಮಾಡಿತು. ಕೊನೆಗೂ ಅಹವಾಲಿಗೆ ಒಂದು ವಿಳಾಸ ದೊರೆಯಿತು. ಭೂಮಿಯ ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲ. ಬ್ರಿಟಿಷರ ಕಾಲದಲ್ಲಿ ಶೋಷಿತ ವರ್ಗಗಳಿಗೆಂದು ಮೀಸಲಿಟ್ಟ 'ಡಿ.ಸಿ. ಮನ್ನಾ' ಜಮೀನನ್ನು ಅರ್ಹರಿಗೆ ಹಂಚಿರೆಂದು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ದಲಿತ ಸಂಘಟನೆಗಳು ಹಲವು ವರ್ಷಗಳಿಂದ ಮನವಿ ಸಲ್ಲಿಸುತ್ತ ಬಂದಿವೆ. ಚೋಮನು ಈಗ ದುಡಿ ಬಾರಿಸುತ್ತಿಲ್ಲ, ಮನವಿಪತ್ರ ಹಿಡಿದು ಕಚೇರಿಯ ಮುಂದೆ ನಿಂತಿದ್ದಾನೆ. ಇದನ್ನು ಗಲಾಟೆ ಎಂದು ಕರೆಯುವ ಮೊದಲು, ನಮ್ಮ ಹಿರಿಯರ ಡಿಕ್ಲರೇಶನ್ನನ್ನೂ ಧಣಿಗಳು ಏನೆಂದು ಕರೆದಿರಬಹುದು ಎಂದು ಯೋಚಿಸಬೇಕು.

ನಮ್ಮ ಮನೆಗಳ ಒಳಗೂ ಒಮ್ಮೆ ನೋಡೋಣ. ಮನೆಗೆಲಸದವರನ್ನು ಕರ್ನಾಟಕ ಸರ್ಕಾರವು 2004ರಲ್ಲೇ ಕನಿಷ್ಠ ವೇತನದ ವ್ಯಾಪ್ತಿಗೆ ತಂದಿತು. ನಮ್ಮಲ್ಲಿ ಪಾತ್ರೆ ತೊಳೆಯುವ ಅಕ್ಕನಿಗೆ ಆ ವೇತನ ಎಷ್ಟೆಂದು ನಮಗೆ ಗೊತ್ತೇ? ವಾರದ ರಜೆ ಕೇಳಿದಾಗ ನಮ್ಮ ಮುಖ ಹೇಗಾಗುತ್ತದೆ? ಮುಂಗಡ ಕೊಟ್ಟ ಋಣವನ್ನು ಎತ್ತಿ ಆಡಿ ಅವರ ಬಾಯಿ ಮುಚ್ಚಿಸುತ್ತೇವೆಯೇ? ಹಬ್ಬಕ್ಕೊಂದು ಸೀರೆ ಕೊಟ್ಟು ಔದಾರ್ಯ ಮೆರೆಯುವ ನಾವು, ತಿಂಗಳ ಸಂಬಳವನ್ನು ಹೆಚ್ಚಿಸೆಂದರೆ ಸಂಕಪ್ಪಯ್ಯನಂತೆ ಮನೆಯವರ ಕಡೆಗೂ ವಾಡಿಕೆಯ ಕಡೆಗೂ ಬೆರಳು ತೋರಿಸುತ್ತೇವೆ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂಬುದು ಸಂತ ಯಕೋಬರು ತಮ್ಮ ಪತ್ರದ ಐದನೆಯ ಅಧ್ಯಾಯದಲ್ಲಿ ಕೊಟ್ಟಿರುವ ಎಚ್ಚರಿಕೆ. ನಾವು ಕೇಳಿಸಿಕೊಳ್ಳದ ಅಹವಾಲು ಅಲ್ಲಿಗೆ ತಲುಪಿಯೇ ತಲುಪುತ್ತದೆ.

ಧರ್ಮಕೇಂದ್ರಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಅಕ್ಷರ ಬಲ್ಲ ಯುವಜನರು ತಿಂಗಳಿಗೊಂದು ಭಾನುವಾರ ಕುಳಿತು, ಜಾತಿಮತ ನೋಡದೆ, ಯಾವ ಷರತ್ತನ್ನೂ ಹಾಕದೆ, ದುಡಿಯುವವರ ಅರ್ಜಿಗಳನ್ನು ಬರೆದುಕೊಡಬಹುದು. ಕಾರ್ಮಿಕ ಇಲಾಖೆಯ ಕಚೇರಿಗೆ ಅವರ ಜೊತೆ ಹೋಗಿಬರಬಹುದು. ಹಾಗೆ ಮಾಡಿದರೆ ಮನ್ವೇಲನು ಕೆಡಿಸಿದ ಕೆಲಸವನ್ನು ಅವರು ಸರಿಪಡಿಸಿದಂತಾಗುತ್ತದೆ.

'ಚೋಮನ ದುಡಿ'ಯನ್ನು ಮನೆಗೆ ತಂದು ಓದಿರಿ; ದೊಡ್ಡ ಮಕ್ಕಳಿಗೂ ಓದಲು ಕೊಡಿರಿ. ಓದಿ ಮುಗಿಸಿದ ಮೇಲೆ ಚೋಮನಿಗಾಗಿ ಮರುಗುವುದರ ಜೊತೆಗೆ ಇನ್ನೊಂದು ಕೆಲಸ ಮಾಡಿರಿ. ನಿಮ್ಮಲ್ಲಿ ದುಡಿಯುವವರು ಕಳೆದ ವರ್ಷ ನಿಮ್ಮನ್ನು ಏನು ಕೇಳಿದ್ದರು, ನೀವು ಏನು ಉತ್ತರ ಕೊಟ್ಟಿರಿ ಎಂಬುದನ್ನು ನೆನಪು ಮಾಡಿಕೊಳ್ಳಿರಿ. ಉತ್ತರ ಕೊಡುವುದು ಇನ್ನೂ ಬಾಕಿಯಿದ್ದರೆ, ಈ ತಿಂಗಳ ಸಂಬಳದ ದಿನ ಬರುವ ಮೊದಲೇ ಕೊಟ್ಟುಬಿಡಿರಿ.