ತಬರನಿಗೆ ಉಳಿದದ್ದೇನು?

ಅಮೀರ್‌ಪೇಟಿನ ಮಿತ್ರರೊಬ್ಬರ ಮನೆಯಲ್ಲಿ ‘ತಬರನ ಕಥೆ’ ಚಿತ್ರವನ್ನು ಮತ್ತೊಮ್ಮೆ ನೋಡುವ ಯೋಗ ಈಚೆಗೆ ಒದಗಿತು. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ (1973) ಸಂಕಲನದ ಈ ಕಥೆಯನ್ನು ಗಿರೀಶ ಕಾಸರವಳ್ಳಿಯವರು ತೆರೆಗೆ ತಂದದ್ದು 1986ರಲ್ಲಿ. ಆ ವರ್ಷದ ಸ್ವರ್ಣಕಮಲ ಚಿತ್ರಕ್ಕೂ, ಶ್ರೇಷ್ಠ ನಟ ಪ್ರಶಸ್ತಿ ಚಾರುಹಾಸನ್ ಅವರಿಗೂ ಸಂದವು. ಕೆಂಪುಪಟ್ಟಿಯ ಕ್ರೌರ್ಯದ ಕಥೆಯೆಂದೇ ಇದು ಪ್ರಸಿದ್ಧ. ಸುಳ್ಳಲ್ಲ. ಆದರೆ ದಿನವೂ ಫೈಲುಗಳ ನಡುವೆ ಕುಳಿತೇಳುವ ನಮಗೆ ಚಿತ್ರ ಅಷ್ಟಕ್ಕೇ ಮುಗಿಯಿತೆನಿಸಲಿಲ್ಲ.

ತಬರ ಸಾಮಾನ್ಯ ಜವಾನ. ಬ್ರಿಟಿಷರ ಕಾಲದಿಂದಲೂ ಸೇವೆಯಲ್ಲಿದ್ದವನು. ಸರ್ಕಾರವೆಂದರೆ ತಾನೇ ಎಂಬಷ್ಟು ಭಕ್ತಿ ಅವನಿಗೆ. ಊರವರು ಕೊಡುವ ಮರ್ಯಾದೆ ತನಗೋ ತನ್ನ ಡವಾಲಿಗೋ ಎಂದು ಅವನು ಬಿಡಿಸಿ ನೋಡಿಕೊಂಡವನೇ ಅಲ್ಲ. ನಿವೃತ್ತಿಯ ನಂತರ ಪಿಂಚಣಿ ಬಾರದೆ, ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯತೊಡಗಿದಾಗ, ಆ ಕಾಲನ್ನು ಕಡಿದುಕೊಡೆಂದು ಅವನು ಕಟುಕನ ಬಳಿ ಹೋಗುತ್ತಾನೆ. ಆ ದೃಶ್ಯವನ್ನು ಎಷ್ಟು ಸಲ ನೋಡಿದರೂ ಎದೆ ಒಡೆಯುತ್ತದೆ. ಚಾರುಹಾಸನ್ ಅಲ್ಲಿ ಅಳುವುದಿಲ್ಲ, ಅರ್ಜಿ ಹಿಡಿದು ನಿಂತವನಂತೆಯೇ ವಿನಯದಿಂದ ಕೇಳುತ್ತಾರೆ.

ನಮ್ಮ ತಕರಾರು ಇಷ್ಟೇ: ಪಿಂಚಣಿ ಸಕಾಲಕ್ಕೆ ಬಂದಿದ್ದರೆ? ಹೆಂಡತಿ ಬದುಕುತ್ತಿದ್ದಳೋ ಏನೋ. ತಬರ ಮಾತ್ರ ಮಾರನೆಯ ದಿನವೂ ಅದೇ ಕಚೇರಿಯ ಬೆಂಚಿಗೆ ಬಂದು ಕೂರುತ್ತಿದ್ದ. ಅನ್ಯಾಯವನ್ನು ಇಷ್ಟು ಸವಿಸ್ತಾರವಾಗಿ ತೋರಿಸುವ ಚಿತ್ರ ಈ ಬೆಂಚಿನ ಬಳಿ ನಿಲ್ಲುವುದಿಲ್ಲ. (2004ರ ನಂತರ ಸೇವೆಗೆ ಸೇರಿದ ನಮಗೆ ಆ ಹಳೆಯ ಪಿಂಚಣಿಯೂ ಇಲ್ಲ, ಆ ಮಾತು ಬೇರೆ.)

ಕುತೂಹಲದ ಸಂಗತಿಯೆಂದರೆ, ಈ ಕಥೆ ಹೇಳಿದ ಇಬ್ಬರೂ ಸಿದ್ಧದಾರಿಯನ್ನು ಬಿಟ್ಟವರು. ಕುವೆಂಪು ಅವರ ಮಗ ತೇಜಸ್ವಿ ಎಂ.ಎ. ಮುಗಿಸಿ ಮೂಡಿಗೆರೆಯ ಕಡೆ ತೋಟ ಮಾಡಿಕೊಂಡರು. ಮಣಿಪಾಲದಲ್ಲಿ ಫಾರ್ಮಸಿ ಓದಿ ನಮ್ಮ ಈ ಹೈದರಾಬಾದಿಗೇ ಬಂದಿದ್ದ ಕಾಸರವಳ್ಳಿ, ಅದನ್ನು ಬಿಟ್ಟು ಪುಣೆಯ ಚಲನಚಿತ್ರ ಸಂಸ್ಥೆ ಸೇರಿದರು. ತಬರನಿಗೆ ಅಂಥ ಅನುಕೂಲವಿರಲಿಲ್ಲ. ಹೊಟ್ಟೆಪಾಡಿನವನಿಗೆ ‘ಕೆಲಸವೇ ನೀನಲ್ಲ’ ಎಂದು ಉಪದೇಶಿಸುವುದು ಸುಲಭ, ಸಭ್ಯತೆಯಲ್ಲ. ಆದರೆ ಹೊಟ್ಟೆ ತುಂಬಿದ ನಾವಾದರೂ ಮಾಡುತ್ತಿರುವುದೇನು? ನಮ್ಮ ಕೂಟಗಳಲ್ಲಿ ಹೊಸಬರು ಬಂದರೆ ‘ಯಾವ ಊರು’ ಎಂಬುದಕ್ಕೆ ಮೊದಲೇ ‘ಎಲ್ಲಿ ಕೆಲಸ’ ಎನ್ನುತ್ತೇವೆ.

ಅಂದು ಚಿತ್ರ ನೋಡಿದವರಲ್ಲಿ ಮಿತ್ರರ ಅಕ್ಕನ ಮಗನೂ ಇದ್ದ. ಮೈತ್ರಿವನಂ ಬಳಿಯ ತರಬೇತಿ ಕೇಂದ್ರಗಳಲ್ಲಿ ಎರಡು ಕೋರ್ಸು ಮುಗಿಸಿದ್ದಾನೆ, ನೌಕರಿ ಸಿಕ್ಕಿಲ್ಲ. ಕಳೆದ ರಾಜ್ಯೋತ್ಸವಕ್ಕೆ ಅವನು ಬಾರದಿದ್ದಾಗ ‘ಈಗಿನ ಹುಡುಗರಿಗೆ ಕನ್ನಡಾಭಿಮಾನವಿಲ್ಲ’ ಎಂದವರಲ್ಲಿ ನಾವೂ ಒಬ್ಬರು. ಬಾರದಿದ್ದದ್ದೇಕೆಂದು ಅಂದು ತಿಳಿಯಿತು. ನಮ್ಮ ಪ್ರಶ್ನೆಗೆ ಹೆದರಿ.

ಚಿತ್ರ ಮುಗಿದ ಮೇಲೆ ಅವನು ತೇಜಸ್ವಿಯವರ ಪುಸ್ತಕ ಸಿಕ್ಕೀತೇ ಎಂದು ಕೇಳಿದ. ನಮ್ಮ ಪ್ರತಿಯ ಹೊದಿಕೆ ಹರಿದಿತ್ತು, ಅಂಟಿಸಿ ಭಾನುವಾರ ಕೊಟ್ಟು ಬಂದೆವು. ಅಂದು ಬೇರೇನನ್ನೂ ಕೇಳಲಿಲ್ಲ.