ಮುಕ್ತ ತಂತ್ರಾಂಶ, ಮುಚ್ಚಿದ ಯಂತ್ರಾಂಶ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಹಳೆಯ ಗಣಕಗಳಲ್ಲಿ ಇಲ್ಲ. ಹಾಗಾಗಿ 'ಲಿನಕ್ಸ್ ಹಾಕಿ, ಎಲ್ಲವೂ ಸರಿಹೋಗುತ್ತದೆ' ಎಂಬ ಸಲಹೆ ಈಗ ಧಾರಾಳವಾಗಿ ಸಿಗುತ್ತಿದೆ. ಇಪ್ಪತ್ತು ವರ್ಷಗಳಿಂದ ಪ್ರಯೋಗಾಲಯದಲ್ಲಿ ಲಿನಕ್ಸ್ ಬಳಸುತ್ತಿರುವ ನನಗೆ ಈ ಸಲಹೆ ಅರ್ಧ ಮಾತ್ರ ಸರಿ ಎನಿಸುತ್ತದೆ.

ಕೆಲವು ವರ್ಷಗಳ ಹಿಂದೆ ನಾರಾಯಣಪುರದಲ್ಲಿ, ಬಸವಸಾಗರ ಜಲಾಶಯದ ಸಮೀಪದ ಒಂದು ಶಾಲೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲು ಕುಳಿತಿದ್ದೆ. ಕೀಲಿಮಣೆ, ಮೌಸ್, ಪೆನ್‌ಡ್ರೈವ್ ತಕ್ಷಣ ಓಡಿದವು. ವೈ-ಫೈ ಓಡಲಿಲ್ಲ. ಅದರ ಫರ್ಮ್‌ವೇರ್ ಅಂತರಜಾಲದಿಂದ ಇಳಿಸಿಕೊಳ್ಳಬೇಕಿತ್ತು. ಅಂತರಜಾಲಕ್ಕೆ ವೈ-ಫೈ ಬೇಕಿತ್ತು! ಕೊನೆಗೆ ಶಿಕ್ಷಕರೊಬ್ಬರ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಪಾರಾದೆವು.

ಈ ವ್ಯತ್ಯಾಸ ಏಕೆ? ಯುಎಸ್‌ಬಿ ಕೀಲಿಮಣೆಗಳು ಪ್ರಕಟಿತ ಮಾನಕವೊಂದನ್ನು ಪಾಲಿಸುತ್ತವೆ. ಒಂದೇ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ಎಲ್ಲ ಕಂಪನಿಗಳ ಕೀಲಿಮಣೆಗೂ ಸಾಕು. ವೈ-ಫೈ, ಗ್ರಾಫಿಕ್ಸ್ ಚಿಪ್‌ಗಳ ಹಲವು ತಯಾರಕರು ಒಳವಿವರಗಳನ್ನು ಬಿಟ್ಟುಕೊಡುವುದಿಲ್ಲ. ಆಗ ಡ್ರೈವರ್ ಬರೆಯುವವರು ಮುಚ್ಚಿದ ಪೆಟ್ಟಿಗೆಯೊಳಗಿನ ಮಂಡಲವನ್ನು ಹೊರತುದಿಗಳಲ್ಲಿ ಅಳೆದು ಊಹಿಸಬೇಕು. ಎಂ.ಎಸ್ಸಿ. ವಿದ್ಯಾರ್ಥಿಗೆ ಇದು ಒಳ್ಳೆಯ ಪ್ರಯೋಗ. ಅಂಕಪಟ್ಟಿ ಮುದ್ರಿಸಲು ಕಾದು ನಿಂತ ಗುಮಾಸ್ತರಿಗಲ್ಲ. ಎನ್‌ವಿಡಿಯಾ ಕಾರ್ಡುಗಳಿಗಾಗಿ ಹೀಗೆಯೇ 'ನೂವೋ' ಚಾಲಕವನ್ನು ಕಟ್ಟಲಾಯಿತು. 2022ರ ಮೇ ತಿಂಗಳಲ್ಲಿ ಕಂಪನಿಯೇ ತನ್ನ ಕರ್ನೆಲ್ ಭಾಗದ ಆಕರ ಸಂಕೇತವನ್ನು ತೆರೆದರೂ ಫರ್ಮ್‌ವೇರ್ ಮುಚ್ಚಿಯೇ ಉಳಿಯಿತು.

ತಪ್ಪೆಲ್ಲ ತಯಾರಕರದ್ದೇ ಎಂದರೂ ಸರಿಯಲ್ಲ. ಮುಕ್ತವಲ್ಲದ ಫರ್ಮ್‌ವೇರನ್ನು ಡೆಬಿಯನ್ ತನ್ನ ಅಧಿಕೃತ ಸ್ಥಾಪನಾ ಡಿಸ್ಕಿನಿಂದ ಬಹುಕಾಲ ದೂರವಿಟ್ಟಿತ್ತು. ತತ್ತ್ವದ ದೃಷ್ಟಿಯಿಂದ ಅದು ಗೌರವಾರ್ಹ ನಿಲುವು, ಆದರೆ ಅದರ ಬೆಲೆ ತೆತ್ತವನು ಹೊಸ ಬಳಕೆದಾರ. 2022ರ ಮತದಾನದ ನಂತರ, 2023ರ ಡೆಬಿಯನ್ 12ರಿಂದ ಈ ತೊಡಕು ಬಹುಮಟ್ಟಿಗೆ ತಪ್ಪಿದೆ. ಇನ್ನು 'ಎಷ್ಟೇ ಹಳೆಯ ಯಂತ್ರವಾದರೂ ಸರಿ' ಎಂಬ ಮಾತು. 2025ರ ಡೆಬಿಯನ್ 13ರಲ್ಲಿ 32 ಬಿಟ್ ಪಿ.ಸಿ.ಗಳಿಗೆ ಸ್ಥಾಪಕವೇ ಇಲ್ಲ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಫೀನಿಕ್ಸ್ ಯೋಜನೆಯಲ್ಲಿ ರೂಪುಗೊಂಡ 'ಎಕ್ಸ್‌ಪ್‌ಐಸ್' ಉಪಕರಣದ ವಿದ್ಯುನ್ಮಂಡಲವೂ ತಂತ್ರಾಂಶವೂ ಮುಕ್ತ. ಯುಎಸ್‌ಬಿಗೆ ಚುಚ್ಚಿದರೆ ಕೆಪ್ಯಾಸಿಟರ್ ವಿಸರ್ಜನೆಯ ವಕ್ರರೇಖೆ ಲಿನಕ್ಸ್ ಪರದೆಯ ಮೇಲೆ ಮೂಡುತ್ತದೆ. ಅದರ ಚಾಲಕಕ್ಕಾಗಿ ಯಾರೂ ಏನನ್ನೂ ಊಹಿಸಬೇಕಾಗಿ ಬರಲಿಲ್ಲ.

ನಮ್ಮ ವಿಭಾಗದಲ್ಲಿ ಈಗ ಹಣ ಕೊಡುವ ಮೊದಲೇ ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಗಣಕವನ್ನು ಚಾಲೂ ಮಾಡಿ ಧ್ವನಿ, ವೈ-ಫೈ, ಮುದ್ರಣ ಮೂರನ್ನೂ ಮಾರಾಟಗಾರರ ಎದುರೇ ನೋಡುತ್ತೇವೆ. ಕಳೆದ ಸಲ ಒಂದು ಪ್ರಿಂಟರನ್ನು ಹಾಗೆಯೇ ವಾಪಸು ಕಳಿಸಿದೆವು.