ವಜ್ರದ ಮೈ, ಬಯಲ ಮೈ

ಸೊರಬ ತಾಲ್ಲೂಕಿನ ಕ್ಯಾಸನೂರು ಎಂದರೆ ಹೊರಗಿನವರಿಗೆ ನೆನಪಾಗುವುದು 1957ರ ಮಂಗನ ಕಾಯಿಲೆ. ಯೋಗಾಭ್ಯಾಸಿಗಳು ಈ ಸೊರಬ–ಶಿಕಾರಿಪುರ ಸೀಮೆಯನ್ನು ನೆನೆಯಲು ಬೇರೆಯೇ ಕಾರಣವಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಬಳಿ ಕಾಳಾಮುಖ ಶೈವರ ಕೋಡಿಯ ಮಠವಿತ್ತು. ಅಲ್ಲಿ ಏನೇನು ನಡೆಯುತ್ತಿತ್ತೆಂದು 1162ರ ಶಾಸನ ಬಿಡಿಸಿ ಹೇಳುತ್ತದೆ. ವೇದ, ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನಗಳ ಸಾಲಿನಲ್ಲೇ ಪತಂಜಲಿಯ ಯೋಗಶಾಸ್ತ್ರವೂ ಬರುತ್ತದೆ. ಅದೇ ಅಂಗಳದಲ್ಲಿ ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ; ರೋಗಿಗಳಿಗೆ ಮದ್ದು. ಯೋಗವನ್ನು ಓದಿನಿಂದಲೂ ಅನ್ನದಿಂದಲೂ ದೂರವಿಡದ ಈ ಮಠದ ಬಗ್ಗೆ ನನಗೆ ತುಂಬು ಗೌರವ.

ವಚನಕಾರ ಅಲ್ಲಮಪ್ರಭು ಕೂಡ ಇದೇ ಬಳ್ಳಿಗಾವಿಯವರೆಂದೇ ಪರಂಪರೆ ನಂಬುತ್ತದೆ. ಶೂನ್ಯಸಂಪಾದನೆಯಲ್ಲಿ ಅವರು ನಾಥಯೋಗಿ ಗೋರಕ್ಷನಿಗೆ ಎದುರಾಗುವ ಪ್ರಸಂಗವಿದೆ. ಹಠಯೋಗದಿಂದ ವಜ್ರಕಾಯನಾದವನು ಗೋರಕ್ಷ. ಬೇಕಾದರೆ ಹೊಡೆದು ನೋಡು ಎಂದು ಕತ್ತಿ ಕೊಡುತ್ತಾನೆ. ಅಲ್ಲಮ ಹೊಡೆದರೆ ಖಣಿಲೆಂಬ ಸದ್ದು, ಮೈಗೆ ಗಾಯವಿಲ್ಲ. ಸದ್ದಾಯಿತಲ್ಲ, ಅದೇ ಕೊರತೆ ಎನ್ನುವುದು ಅಲ್ಲಮನ ನಿಲುವು. ಗೋರಕ್ಷ ತಿರುಗಿ ಹೊಡೆದಾಗ ಕತ್ತಿ ಬಯಲಲ್ಲಿ ಆಡಿದಂತೆ ಅಲ್ಲಮನ ಮೈಯೊಳಗೆ ಹಾದುಹೋಗುತ್ತದೆ.

ಆಸನ ಹಾಕುವ ಪ್ರತಿಯೊಬ್ಬರೂ ಈ ಕಥೆಯನ್ನು ಓದಬೇಕು. ಪತಂಜಲಿ ಆಸನಕ್ಕೆ ಕೊಟ್ಟ ಜಾಗ ಬರೀ ಮೂರು ಸೂತ್ರ. ಕೂತದ್ದು ಸ್ಥಿರವಾಗಿರಬೇಕು, ಹಿತವಾಗಿರಬೇಕು, ಪ್ರಯತ್ನ ಸಡಿಲಗೊಳ್ಳಬೇಕು. ಪ್ರಾಣಾಯಾಮ ಅದರ ನಂತರ. ಇಲ್ಲಿ ಸಡಿಲವೆಂದರೆ ಸೋಮಾರಿತನವಲ್ಲ. ಪಶ್ಚಿಮೋತ್ತಾನಾಸನದಲ್ಲಿ ಕಾಲ್ಬೆರಳು ಹಿಡಿದು ಎಳೆಯುವಾಗ ದವಡೆ ಬಿಗಿಯುತ್ತದೆ, ಹುಬ್ಬು ಗಂಟಿಕ್ಕುತ್ತದೆ, ಉಸಿರು ತುಂಡಾಗುತ್ತದೆ. ಹಣೆ ಮೊಣಕಾಲಿಗೆ ಮುಟ್ಟಿದರೂ ಅದು ಗೋರಕ್ಷನ ಗೆಲುವೇ. ಕೈ ಮೀನಖಂಡದವರೆಗಷ್ಟೇ ಹೋಗಿ ಉಸಿರು ಸದ್ದಿಲ್ಲದೆ ಸಮವಾಗಿ ಆಡುತ್ತಿದ್ದರೆ ಆ ಆಸನವೇ ಮೇಲು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಮೈಸೂರಿನಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲೇ ಬರೆದ ‘ಯೋಗ ಮಕರಂದ’ ಆಸನದ ಜೊತೆಜೊತೆಗೇ ಪೂರಕ, ರೇಚಕಗಳನ್ನೂ, ಅಂದರೆ ಉಸಿರನ್ನು ಒಳಗೆಳೆಯುವ, ಹೊರಬಿಡುವ ಬಗೆಯನ್ನೂ ಹೇಳಿಕೊಡುತ್ತದೆ. ಆ ಕ್ರಮವನ್ನು ಬಿಡಬೇಡಿ. ಬಗ್ಗುವಾಗ ಉಸಿರು ಹೊರಗೆ, ಏಳುವಾಗ ಒಳಗೆ. ಒಳಗೆಳೆದಷ್ಟೇ ಹೊತ್ತು ಹೊರಬಿಡಲು ಆಗದಿದ್ದರೆ ಅರ್ಧ ಹಿಂದಕ್ಕೆ ಬನ್ನಿ. ಅಲ್ಲೇ ಐದು ಉಸಿರು ನಿಲ್ಲಿ. ಪದ್ಮಾಸನ ಬಾರದವರು ಮಡಿಸಿದ ಕಂಬಳಿಯ ಮೇಲೆ ಸುಖಾಸನದಲ್ಲಿ ಕೂತರೆ ಸಾಕು. ಮೊಣಕಾಲಿನ ಮೇಲೆ ಹಟ ಮಾತ್ರ ಬೇಡ.